ಬಿದ್ದವರಿಲ್ಲದ ಅಡುಗೆಮನೆ

ಆ ದೊಡ್ಡ ಹೋಟೆಲಿನ ಅಡುಗೆಮನೆಯಲ್ಲಿ ಮುನ್ನೂರ ಅರವತ್ತೊಂದು ದಿನಗಳಿಂದ ಯಾರೂ ಬಿದ್ದಿರಲಿಲ್ಲ. ಪಾತ್ರೆ ತೊಳೆಯುವ ತೊಟ್ಟಿಯ ಮೇಲಿದ್ದ ಕರಿಹಲಗೆ ಹಾಗೆಂದು ಹೇಳುತ್ತಿತ್ತು. ಮ್ಯಾನೇಜರರು ದಿನಾ ಬೆಳಿಗ್ಗೆ ಗೋಡೆ ಹಿಡಿದುಕೊಂಡೇ ಅಲ್ಲಿಯವರೆಗೆ ಹೋಗಿ, ಹಳೆಯ ಅಂಕಿ ಅಳಿಸಿ, ಹೊಸದನ್ನು ಕೈಯಾರೆ ಬರೆದು, ಮತ್ತೆ ಗೋಡೆ ಹಿಡಿದುಕೊಂಡೇ ವಾಪಸಾಗುತ್ತಿದ್ದರು. ಶನಿವಾರಕ್ಕೆ ಮುನ್ನೂರ ಅರವತ್ತೈದು ತುಂಬುತ್ತದೆ, ಮುಖ್ಯ ಕಚೇರಿಯಿಂದ ಸುರಕ್ಷತೆಯ ಫಲಕ ಬರುತ್ತದೆ, ಅದರ ಬೆನ್ನಿಗೇ ಮ್ಯಾನೇಜರರಿಗೆ ಬಡ್ತಿ ಬರುತ್ತದೆ ಎಂಬುದು ಅಲ್ಲಿನ ಎಲ್ಲರಿಗೂ ಗೊತ್ತಿತ್ತು.

ಹಾಗಂತ ಯಾರೂ ನೆಲ ಮುಟ್ಟಿರಲಿಲ್ಲ ಎಂದಲ್ಲ. ತಿಂಗಳಿಗೆ ಮೂವರಾದರೂ ಮುಟ್ಟುತ್ತಿದ್ದರು. ಆದರೆ ರಿಜಿಸ್ಟರಿನ ಪ್ರಕಾರ ಅವರು ಬಿದ್ದಿರಲಿಲ್ಲ, ಕೂತಿದ್ದರು. ‘ತರಕಾರಿ ಹೆಚ್ಚುವವರು ದಣಿವಾಗಿ ಕೂತರು’ ಎಂದು ಒಂದು ಸಾಲು, ‘ಬಡಿಸುವವರು ತಟ್ಟೆಗಳ ಸಮೇತ ಕೂತರು’ ಎಂದು ಇನ್ನೊಂದು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವವರನ್ನು ನಾವೆಲ್ಲ ನೋಡಿದ್ದೇವೆ. ಇಲ್ಲಿ ಜಟ್ಟಿಯೇ ಬೀಳುತ್ತಿರಲಿಲ್ಲ.

ನೆಲ ತೊಳೆಯುವಾಕೆಯನ್ನು ಎಲ್ಲರೂ ಒರಸಕ್ಕ ಎಂದೇ ಕರೆಯುತ್ತಿದ್ದರು. ಹದಿನಾಲ್ಕು ವರ್ಷದಿಂದ ಅದೇ ನೆಲ ತೊಳೆದವಳು. ಅಡುಗೆಮನೆಯ ನೆಲ ಹೊಳೆಯಬಾರದು, ಹೊಳೆದರೆ ಜಿಡ್ಡಿದೆ ಎಂದೇ ಅರ್ಥ ಎನ್ನುವುದು ಅವಳು ಕಲಿತ ವಿದ್ಯೆ. ಜಿಡ್ಡು ಬಿಡಿಸುವ ಪುಡಿಯನ್ನು ಬಿಸಿನೀರಿನಲ್ಲಿ ಕದಡಿ ಚೆಲ್ಲಬೇಕು, ಹತ್ತು ನಿಮಿಷ ಸುಮ್ಮನೆ ಬಿಡಬೇಕು, ಗಟ್ಟಿ ಬ್ರಷ್ಷಿನಿಂದ ತಿಕ್ಕಿ ಕೊಳೆನೀರನ್ನು ಮೋರಿಗೆ ದೂಡಬೇಕು, ಆಮೇಲೆ ಬೇರೆ ಬಕೆಟ್ಟಿನ ಒಳ್ಳೆಯ ನೀರಿನಿಂದ ಇನ್ನೊಮ್ಮೆ ತೊಳೆದು ಒಣಗುವವರೆಗೆ ಒಂದು ನರಪಿಳ್ಳೆಯನ್ನೂ ಒಳಗೆ ಬಿಡಬಾರದು. ಇಷ್ಟಾದ ಮೇಲೆ ಟೈಲ್ಸು ಹಳೆಯ ಸ್ಲೇಟಿನ ಹಾಗೆ ಮಂಕಾಗಿ, ಅಂಗಾಲನ್ನು ಒರಟಾಗಿ ಹಿಡಿದುಕೊಳ್ಳುತ್ತಿತ್ತು.

ವರ್ಷದ ಹಿಂದೆ ಬಂದ ಮ್ಯಾನೇಜರರಿಗೆ ಈ ಮಂಕು ಹಿಡಿಸಲಿಲ್ಲ. ನೆಲದಲ್ಲಿ ತಮ್ಮ ಮುಖ ಕಾಣಬೇಕು ಎಂದರು. ಹತ್ತು ನಿಮಿಷ ಸುಮ್ಮನೆ ನಿಲ್ಲುವುದಕ್ಕೆ ಸೋಮಾರಿತನ ಎಂದು ಹೆಸರಿಟ್ಟರು. ಪುಡಿ ಬಂದ್ ಆಯಿತು, ಘಮಘಮಿಸುವ ಹೊಳಪಿನ ದ್ರಾವಣ ಬಂತು, ಎರಡು ಬಕೆಟ್ಟಿನಲ್ಲಿ ಒಂದು ಗೋದಾಮು ಸೇರಿತು. ಅಂದಿನಿಂದ ಕರಿಯುವ ಬಾಣಲೆಯ ಬುಡದ ಎಣ್ಣೆ ಒರಸುವ ಬಟ್ಟೆಯನ್ನೇರಿ ದಿನಾ ಇಡೀ ಅಡುಗೆಮನೆಯ ಪ್ರದಕ್ಷಿಣೆ ಹಾಕತೊಡಗಿತು. ನೆಲವೇನೋ ಕನ್ನಡಿಯಾಯಿತು.

ಮೂರು ವಾರದ ಹಿಂದೆ ಆ ಕನ್ನಡಿಯಲ್ಲಿ ತೀರಾ ಹತ್ತಿರದಿಂದ ಮುಖ ನೋಡಿಕೊಂಡವನು ಒರಸಕ್ಕನ ಒಡಹುಟ್ಟಿದ ತಮ್ಮ. ಕರಿಯುವ ಕೆಲಸ ಅವನದು. ಬಲಗೈ ಮಣಿಕಟ್ಟು ಮುರಿಯಿತು. ಕೈಯಲ್ಲಿ ಆಗ ಖಾಲಿ ಜಾಲರಿ ಇತ್ತು. ಕಾದ ಎಣ್ಣೆ ಇದ್ದಿದ್ದರೆ ಎಂದು ಅವಳು ದಿನಾ ನೆನೆಯುತ್ತಿದ್ದಳು. ರಿಜಿಸ್ಟರಿನಲ್ಲಿ ಅವನೂ ಕೂತ. ಕೂತವರಿಗೆ ಪೆಟ್ಟಿನ ರಜೆ ಇಲ್ಲ. ಸೋಮವಾರ ಬಂದು ಬಾಣಲೆಯ ಮುಂದೆ ನಿಲ್ಲದಿದ್ದರೆ ಬೇರೆಯವರನ್ನು ಇಟ್ಟುಕೊಳ್ಳುತ್ತೇವೆ ಎಂದು ಹೇಳಿ ಕಳಿಸಿದ್ದರು. ಒಂದು ಕೈಗೆ ಪಟ್ಟಿ, ಎದುರಿಗೆ ಕುದಿಯುವ ಎಣ್ಣೆ, ಕಾಲ ಕೆಳಗೆ ಆ ನೆಲ.

ಒರಸಕ್ಕ ಮ್ಯಾನೇಜರರ ಕೋಣೆಗೆ ಹೋಗಿ, ಒಂದೇ ಒಂದು ಪದ ತಿದ್ದಿ, ನನ್ನ ತಮ್ಮ ಬದುಕಿಕೊಳ್ಳುತ್ತಾನೆ ಎಂದು ಬೇಡಿಕೊಂಡಳು. ಅವರು ಫೈಲಿನಿಂದ ತಲೆ ಎತ್ತಲಿಲ್ಲ.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೆಟ್ಟಗೆ ನಡೆಯೋಕೆ ಬರದಿದ್ರೆ ನೆಲ ಏನಮ್ಮ ಮಾಡತ್ತೆ?”

ಅವಳಿಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಾಯಿತು. ಆ ನೆಲಕ್ಕೆ ಜಿಡ್ಡು ಬಳಿದದ್ದು ತನ್ನದೇ ಕೈ ಅಲ್ಲವೇ?

ಶನಿವಾರ ಬಂತು. ಫಲಕ ಕೊಡಲು ಮುಖ್ಯ ಕಚೇರಿಯ ಸುರಕ್ಷತಾಧಿಕಾರಿಗಳು ಬಂದರು. ಭಾರಿ ಆಳು, ನುಣುಪು ಅಟ್ಟೆಯ ಬೂಟು. ಸುರಕ್ಷತೆಯ ನಿಯಮಗಳನ್ನೆಲ್ಲ ಬರೆದವರೇ ಅವರು. ಅಂದು ನೆಲಕ್ಕೆ ದ್ರಾವಣ ಎರಡು ಸಲ ಬಿದ್ದಿತ್ತು. ಸಾಹೇಬರನ್ನು ಬಾಗಿಲಲ್ಲೇ ನಿಲ್ಲಿಸಿ ಎಂದು ಒರಸಕ್ಕ ಮ್ಯಾನೇಜರರ ಕಿವಿಯಲ್ಲಿ ಹೇಳಿದಳು. ನಿನ್ನ ಕೆಲಸ ನೀನು ನೋಡು ಎಂದರು. ಅವಳು ನೋಡುತ್ತ ನಿಂತಳು.

ಅಧಿಕಾರಿಗಳು ನೆಲದಲ್ಲಿ ತಮ್ಮ ಮುಖ ಕಂಡು ಮೆಚ್ಚಿ, ಮೂರು ಹೆಜ್ಜೆ ಇಟ್ಟರು. ನಾಲ್ಕನೆಯದನ್ನು ಅವರು ಇಡಲಿಲ್ಲ, ಅದೇ ಹೋಯಿತು. ಧೊಪ್ಪೆಂದು ಸದ್ದಾಗಿ ತಟ್ಟೆಗಳೆಲ್ಲ ಅದುರಿದವು.

ಮ್ಯಾನೇಜರರ ಬುದ್ಧಿ ಚುರುಕಾಗಿತ್ತು. “ಸಾಹೇಬರು ಕೂತ್ರು” ಎಂದು ಸಾರಿ, ತಾವೂ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. ಅವರು ಕೂತ ಮೇಲೆ ನಿಂತಿರುವುದು ಚೆನ್ನಾಗಿರುವುದಿಲ್ಲವೆಂದು ಮುಖ್ಯ ಅಡುಗೆಯವರು ಕೂತರು, ಬಡಿಸುವವರು ಕೂತರು, ಫೋಟೋ ತೆಗೆಯುವವನೂ ಕೂತ. ಅಧಿಕಾರಿಗಳು ಹಲ್ಲು ಕಚ್ಚಿಕೊಂಡು, ಹೌದು, ಕೂತೇ ಕೊಡೋಣ ಎಂದರು. ಫಲಕ ಕೈ ಬದಲಾಯಿಸಿತು, ಚಪ್ಪಾಳೆಯಾಯಿತು, ಎಲ್ಲರೂ ಎದ್ದರು.

ಅಧಿಕಾರಿಗಳು ಏಳಲಿಲ್ಲ. ಸೊಂಟ ಒಪ್ಪಲಿಲ್ಲ. ಮುಖ ಬಿಳಿಚಿಕೊಂಡು ಬೆವರಿಳಿಯಿತು. ಆಂಬುಲೆನ್ಸಿಗೆ ಫೋನು ಹೋಯಿತು. ಅಷ್ಟರಲ್ಲಿ ಅವರಿಗೆ ಏನೋ ಹೊಳೆದು ರಿಜಿಸ್ಟರ್ ತರಿಸಿ ಎಂದರು.

“ಬಿದ್ದೆ ಅಂತ ಬರೀರಿ. ಕೂತೋರಿಗೆ ರಜೆ ಇಲ್ಲ ಅಂತ ನಿಯಮ ಬರೆದೋನು ನಾನೇ.”

ರಿಜಿಸ್ಟರ್ ತಂದವಳು ಒರಸಕ್ಕ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳುವ ಹೆಣ್ಣಲ್ಲ ಅವಳು. ಮೂರು ವಾರ ಹಿಂದಿನ ಪುಟ ತೆಗೆದು, ತಮ್ಮನ ಸಾಲಿನ ಮೇಲೆ ಬೆರಳಿಟ್ಟು, ಪೆನ್ನನ್ನು ತನ್ನ ಕೈಯಲ್ಲೇ ಇಟ್ಟುಕೊಂಡಳು.

“ಇವನೂ ಇದೇ ಜಾಗದಲ್ಲಿ ಕೂತಿದ್ದು ಸಾಹೇಬ್ರೆ. ಮೊದಲು ಇವನು ಬೀಳಲಿ, ಆಮೇಲೆ ನೀವು ಬೀಳಿ.”

ಅಧಿಕಾರಿಗಳು ಅವಳನ್ನು ನೋಡಿದರು, ತಾವು ಕೂತ ನೆಲವನ್ನು ನೋಡಿದರು, ಕೊನೆಗೆ ಮ್ಯಾನೇಜರರನ್ನು ನೋಡಿದರು. ಮ್ಯಾನೇಜರರು ಫಲಕವನ್ನು ಕಂಕುಳಲ್ಲಿ ಇರುಕಿ, ಅವಳಿಂದ ಪೆನ್ನು ಇಸಿದುಕೊಂಡು ತಿದ್ದಿ ಸಹಿ ಹಾಕಿದರು. ತರಕಾರಿ ಹೆಚ್ಚುವವರು ಮೆಲ್ಲಗೆ ಕೈ ಎತ್ತಿ ತಮ್ಮದೂ ಒಂದಿದೆ ಎಂದರು. ಬಡಿಸುವವರದೂ ಇತ್ತು. ಆಂಬುಲೆನ್ಸ್ ಬರುವ ಹೊತ್ತಿಗೆ ಆ ಅಡುಗೆಮನೆಯಲ್ಲಿ ನಲವತ್ತೊಂದು ಜನ ಬಿದ್ದಿದ್ದರು.

ಸೋಮವಾರ ಬೆಳಿಗ್ಗೆ ಅವಳ ತಮ್ಮ ರಜೆ ಸಿಕ್ಕಿ ಮನೆಯಲ್ಲೇ ಪೆಟ್ಟಿನ ಕೈಯನ್ನು ದಿಂಬಿನ ಮೇಲಿಟ್ಟು ಮಲಗಿದ್ದ. ಒರಸಕ್ಕ ಯಾರನ್ನೂ ಕೇಳದೆ ಗೋದಾಮಿನಿಂದ ಎರಡನೆಯ ಬಕೆಟ್ ತಂದು, ಹಳೆಯ ಪುಡಿ ಕದಡಿ ನೆಲಕ್ಕೆ ಚೆಲ್ಲಿದಳು. ಹಲಗೆಯ ಮೇಲೆ ಒಂದು ಎಂದು ಬರೆಯಲು ಮ್ಯಾನೇಜರರು ಸೀಮೆಸುಣ್ಣ ಹಿಡಿದು ಬಂದರು, ಅಭ್ಯಾಸಬಲದಿಂದ ಗೋಡೆಗೆ ಕೈ ಚಾಚಿದರು.

“ಹತ್ತು ನಿಮಿಷ ಆಗಿಲ್ಲ ಸರ್. ಅಲ್ಲೇ ಇರಿ” ಎಂದಳು.

ಮ್ಯಾನೇಜರರು ಹೊಸ್ತಿಲ ಆಚೆಯೇ ನಿಂತರು.