ಮಕ್ಕಳಿಗೆ ಬಿಟ್ಟ ಜಾಗ

ಅಕ್ಕನ ಥೈರಾಯ್ಡ್ ಗಡ್ಡೆಯನ್ನು ಮುಂದಿನ ಸೋಮವಾರ ತೆಗೆಯುತ್ತಾರೆಂದು ಗೊತ್ತಾದ ದಿನವೇ ನಾನು ಮನೆಯ ಉಗ್ರಾಣ ಖಾಲಿ ಮಾಡಲು ಶುರುಮಾಡಿದೆ. ಗಡ್ಡೆ ಕೆಟ್ಟದ್ದಲ್ಲ ಎಂದು ಸರ್ಜನ್ ಹೇಳಿದ್ದರು. ಆದರೆ ದನಿಯ ನರ ಅದರ ಬೆನ್ನಿಗೇ ಅಂಟಿಕೊಂಡಿರುತ್ತದೆ, ದನಿ ಬದಲಾದರೂ ಆಗಬಹುದು, ಇಲ್ಲೊಂದು ಸಹಿ ಹಾಕಿ ಎಂದೂ ಹೇಳಿದ್ದರು. ಅಕ್ಕ ಶಾಲೆಯಲ್ಲಿ ಸಂಗೀತದ ಟೀಚರು. ಇಪ್ಪತ್ತೆರಡು ವರ್ಷ ಹಾಜರಿ ಪುಸ್ತಕದಲ್ಲಿ ಗೀಚುತ್ತ ಬಂದ ಅದೇ ಸಹಿಯನ್ನು ಅಷ್ಟೇ ಬೇಗ ಹಾಕಿಬಿಟ್ಟಳು.

ಬೇರೆಯವರ ಮಾತನ್ನು ಹೆಡ್‌ಫೋನಿನಲ್ಲಿ ಕೇಳಿ ಟೈಪ್ ಮಾಡುವುದು ನನ್ನ ಕೆಲಸ. ಸಭೆಗಳು, ವಿಚಾರಣೆಗಳು, ವಿಮೆಯ ದೂರುಗಳು. ಡಿಗ್ರಿ ಮುಗಿದಾಗಿನಿಂದ ಇದೇ. ಸಂಜೆಯ ಹೊತ್ತಿಗೆ ಮಾತುಗಳೆಲ್ಲ ಮರೆತುಹೋಗಿ, ಅವು ನಿಂತುಹೋದ ಕಡೆಗಳಷ್ಟೇ ತಲೆಯಲ್ಲಿ ಉಳಿದಿರುತ್ತವೆ. ಅವನ್ನು ಟೈಪ್ ಮಾಡುವಂತಿಲ್ಲ. ಇನ್ನು ಹಾಡಿನ ಮಟ್ಟಿಗೆ ಹೇಳುವುದಾದರೆ, ಚಿಕ್ಕಂದಿನಲ್ಲೇ ಅಕ್ಕ ನನ್ನ ಬಾಯಿಗೆ ಬೀಗ ಹಾಕಿದ್ದಳು. "ನೀನು ಹಾಡಿದ್ರೆ ಕಾಸೋ ಹಾಲು ಒಡಿಯುತ್ತೆ ಕಣೋ" ಅಂದಿದ್ದಳು.

ಬಾಗಿಲು ಮುಚ್ಚುತ್ತಿದ್ದ ಅಂಗಡಿಯೊಂದರಲ್ಲಿ ಹಳೇ ಮೈಕು, ಅದನ್ನು ಕಂಪ್ಯೂಟರಿಗೆ ಜೋಡಿಸುವ ಪುಟ್ಟ ಪೆಟ್ಟಿಗೆ ಸಿಕ್ಕವು. ನೆಲ ಒರೆಸುವ ಕೋಲನ್ನು ಮರಳು ತುಂಬಿದ ಬಕೆಟ್ಟಿನಲ್ಲಿ ನೆಟ್ಟು ಸ್ಟ್ಯಾಂಡ್ ಮಾಡಿದೆ. ಉಸಿರಿನ ಹೊಡೆತ ತಡೆಯಲು ಕಸೂತಿಯ ಬಳೆಗೆ ಹಳೇ ಕಾಲುಚೀಲ ಎಳೆದು ಕಟ್ಟಿದೆ. ಗೋಡೆಗೆ ಹಾಸಿಗೆ, ರಜಾಯಿ, ದಪ್ಪ ಕೋಟುಗಳು. ಸೂರಿಗೆ ಮೊಟ್ಟೆಯ ಟ್ರೇಗಳು.

ಸಾಮಾನು ಸಾಗಿಸುವ ವ್ಯಾನ್ ಓಡಿಸುವ ಭಾವ ಬಾಗಿಲಲ್ಲಿ ನಿಂತು ಮೇಲೆ ನೋಡಿದರು.

"ಸ್ಟುಡಿಯೋನೋ ಕೋಳಿಗೂಡೋ? ನಿಮ್ಮಕ್ಕ ಇಲ್ಲಿ ಹಾಡ್ಬೇಕೋ, ಕಾವಿಗೆ ಕೂರ್ಬೇಕೋ?"

"ಸದ್ದು ಗೋಡೆಗೆ ಬಡಿದು ವಾಪಸ್ ಬರಬಾರದು ಭಾವ."

"ಹಾಸಿಗೆ ನಿಂಗೆ ಕೊಟ್ಟು ನಾನು ನೆಲದ ಮೇಲೆ ಮಲಗ್ತಿದೀನಿ. ಸೊಂಟ ಹಿಡ್ಕೊಂಡ್ರೆ ಆ ನರಳಾಟಾನೂ ರೆಕಾರ್ಡ್ ಮಾಡ್ಕೋ." ಹಾಗೆಂದವರೇ ತಮ್ಮ ಹೊದಿಕೆಯನ್ನೂ ತಂದು ಕೊಟ್ಟರು. ಅದನ್ನೂ ಗೋಡೆಗೆ ಮೊಳೆ ಹೊಡೆದು ಕೂರಿಸಿದೆ. ಒಂದು ಗೇಣು ಗೋಡೆ ಬಿಡಲಿಲ್ಲ.

ಭಾನುವಾರ ಮಧ್ಯಾಹ್ನ ಉತ್ತರಪತ್ರಿಕೆಗಳನ್ನು ಕಟ್ಟಿಟ್ಟು ಅಕ್ಕ ಬಂದಳು. ಮರುದಿನ ಬೆಳಿಗ್ಗೆ ಆಸ್ಪತ್ರೆ. ಬಾಗಿಲು ಮುಚ್ಚಿದೆ. ಒಂದು ಸಾಲು ಹಾಡಿ ನಿಂತಳು. ಮತ್ತೆ ಹಾಡಿದಳು. ಮೇಲಿನ ಸ್ವರ ಜಾರಿತು. ಮೂರನೆಯ ಸಲ ಅದು ಜಾರುವ ಮೊದಲೇ ಅವಳ ಕೈ ಕುತ್ತಿಗೆಗೆ ಹೋಗಿತ್ತು.

"ಹೋಗಿದೆ ಕಣೋ," ಅಂದಳು. "ಕೊಯ್ಯೋ ಮೊದ್ಲೇ ಹೋಗಿದೆ."

ಎದ್ದು ಹೊರಗೆ ಹೋಗಿ ಮಹಡಿ ಮೆಟ್ಟಿಲ ಮೇಲೆ ಕೂತಳು.

ಹಾಡುವವರಿಗೆ ಅವರ ಅರ್ಧ ದನಿಯನ್ನು ಗೋಡೆಯೇ ಹಿಂದಿರುಗಿಸುತ್ತದೆ. ಎಲ್ಲ ಗೋಡೆ ಮುಚ್ಚಬೇಡಿ, ಹಾಡುವವರು ದಿಕ್ಕು ತಪ್ಪುತ್ತಾರೆ ಎಂದು ನಾನೇ ಓದಿದ್ದೆ. ಓದಿಯೂ ಮುಚ್ಚಿದ್ದೆ. ಅವಳ ದನಿ ಒಂದಿಷ್ಟೂ ಸೋರಿಹೋಗಬಾರದೆಂಬ ಆಸೆಯಲ್ಲಿ ಅವಳಿಗೂ ದಕ್ಕದಂತೆ ಮಾಡಿದ್ದೆ.

"ಅಕ್ಕಾ, ಅದು ನಿನ್ನ ಗಂಟಲಲ್ಲ. ಕೋಣೆ."

"ಸಮಾಧಾನ ಹೇಳೋಕೆ ಬರಬೇಡ. ಸರ್ಜನ್ನೂ ಇದೇ ರಾಗ ಎಳೆದ್ರು."

ಉಗ್ರಾಣದೊಳಗೆ ನಿಂತು ಒಂದು ಚಪ್ಪಾಳೆ ಹೊಡೆದೆ. ಒದ್ದೆ ಬಟ್ಟೆ ನೆಲಕ್ಕೆ ಬಿದ್ದ ಹಾಗೆ ಕೇಳಿತು. ಮೆಟ್ಟಿಲಿಗೆ ಬಂದು ಇನ್ನೊಂದು ಹೊಡೆದೆ. ಅದು ಮೂರನೇ ಮಹಡಿಯವರೆಗೂ ಹೋಗಿ ಇಳಿದು ಬಂತು. ಅಕ್ಕ ತಲೆ ಎತ್ತಿದಳು. ಎಷ್ಟಾದರೂ ಟೀಚರು. ಕಿವಿ ಸುಳ್ಳು ಹೇಳುವುದಿಲ್ಲ. ಕೂತಲ್ಲೇ, ಬಾಯಿ ಪೂರ್ತಿ ತೆರೆಯದೆ, ಒಂದು ಸ್ವರ ಹಿಡಿದಳು. ಮೆಟ್ಟಿಲು ಅದನ್ನು ಎತ್ತಿಕೊಂಡಿತು. ಮೇಲಿನ ಸ್ವರಕ್ಕೆ ಹೋದಳು. ಅದು ಜಾರಲಿಲ್ಲ, ನಿಂತಿತು.

ನಾನು ಮೈಕು, ಕಂಪ್ಯೂಟರು ತರಲು ಓಡಿದೆ. ಬಕೆಟ್ಟಿನ ಸಮೇತ ಬಂದಾಗ ಅವಳು ಕೇಳಿದಳು: "ಯಾಕೋ ಇದೆಲ್ಲ? ನಾಳೆ ದನಿ ಹೋದ್ರೆ, ನೋಡು ನೀನು ಹಿಂಗಿದ್ದೆ ಅಂತ ನಂಗೇ ಹಾಕಿ ಕೇಳಿಸ್ತೀಯಾ?"

ವಾರವಿಡೀ ಮೊಳೆ ಹೊಡೆದಿದ್ದು ಯಾರಿಗಾಗಿ ಎಂದು ನಾನು ಕೇಳಿಕೊಂಡಿರಲಿಲ್ಲ. ಅವಳಿಗಾಗಿಯಂತೂ ಅಲ್ಲ. ಬಕೆಟ್ಟನ್ನು ಮೆಟ್ಟಿಲ ಮೇಲಿಟ್ಟು ಅವಳ ಪಕ್ಕ ಕೂತೆ. ಎಲ್ಲೋ ಮೇಲಿನ ಮನೆಯಲ್ಲಿ ನೀರಿನ ಪಂಪು ಶುರುವಾಗಿ ನಿಂತಿತು.

"ಆರು ವಾರ ರಜೆ ಹಾಕಿದೀನಿ," ಅಂದಳು ಕೊನೆಗೆ. "ಅಷ್ಟೂ ದಿನ ಡ್ರಿಲ್ ಮೇಷ್ಟ್ರು ನನ್ನ ಕ್ಲಾಸಲ್ಲಿ ಕೂತು ಪೀಪಿ ಊದ್ತಾರೆ. ಮಕ್ಕಳು ಕಲ್ತಿದ್ದೆಲ್ಲ ನೀರಲ್ಲಿ ಹೋಮ. ಹಾಡು ಗೀಡು ಬೇಡ. ಪಾಠ ಹೇಳ್ತೀನಿ, ಮಕ್ಕಳಿಗೆ ರೆಕಾರ್ಡ್ ಮಾಡ್ಕೋ."

ಭಾವ ಕೆಳಗಿನ ಮೆಟ್ಟಿಲಲ್ಲಿ ಕಾವಲು ಕೂತರು. ಯಾರಾದರೂ ಬಂದರೆ ತುಟಿಯ ಮೇಲೆ ಬೆರಳಿಟ್ಟು ಅಲ್ಲೇ ನಿಲ್ಲಿಸುತ್ತಿದ್ದರು. ಅಕ್ಕ ಒಂದು ಸಾಲು ಹೇಳುತ್ತಿದ್ದಳು. ಆಮೇಲೆ ಮಕ್ಕಳು ತಿರುಗಿ ಹೇಳಲು ಅಷ್ಟೇ ಉದ್ದದ ಜಾಗ ಬಿಡುತ್ತಿದ್ದಳು. ಆ ಜಾಗದಲ್ಲಿ, ದನಿಗೆ ತಕ್ಕಂತೆ ಏರಿಳಿಯುವ ಕಂಪ್ಯೂಟರಿನ ಗೆರೆ ಚಪ್ಪಟೆಯಾಗಿ ಮಲಗುತ್ತಿತ್ತು. ಅವಳು ಮಾತ್ರ ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತ, ಯಾರದೋ ತಪ್ಪಿಗೆ ಹುಬ್ಬು ಗಂಟಿಕ್ಕುತ್ತ, ಕೇಳಿಸಿಕೊಳ್ಳುತ್ತಿದ್ದಳು. ನಡುವೆ, "ಹಿಂದಿನ ಬೆಂಚು, ಬಾಯಿ ಬಿಡ್ರೋ, ನೊಣ ಹೋಗಲ್ಲ!" ಎಂದು ಗದರಿದಳು.

"ಅದನ್ನ ಕತ್ತರಿಸ್ಲಾ?"

"ಬೇಡ. ಇಲ್ಲಾಂದ್ರೆ ಮಲಗಿಬಿಡ್ತಾರೆ."

ಹತ್ತನೆಯ ಪಾಠದ ಹೊತ್ತಿಗೆ ಅವಳಿಗೆ ಸುಸ್ತಾಗಿತ್ತು. ಗೋಡೆಗೆ ತಲೆ ಆನಿಸಿ, ಕಣ್ಣು ಮುಚ್ಚಿಕೊಂಡೇ ಕೊನೆಯ ಸಾಲು ಹೇಳಿದಳು. ಜಾಗ ಬಿಟ್ಟಳು. ಈ ಸಲ ಬೆರಳು ತಾಳ ಹಾಕಲಿಲ್ಲ. ಆ ಚಪ್ಪಟೆ ಗೆರೆಯನ್ನು ನೋಡುತ್ತ ಕೂರಲು ನನ್ನಿಂದಾಗಲಿಲ್ಲ. ಬಾಯಿ ತೆರೆದು ಸಾಲನ್ನು ತಿರುಗಿ ಹೇಳಿದೆ.

ಕೆಳಗೆ ಭಾವ ಕೆಮ್ಮಿ ನಗು ನುಂಗಿಕೊಂಡರು. ಅಕ್ಕ ಕಣ್ಣು ತೆರೆಯಲಿಲ್ಲ.

"ಶ್ರುತಿ ಎಲ್ಲಿದೆ, ನೀನೆಲ್ಲಿದೀಯಾ?" ಅಂದಳು. "ಇನ್ನೊಂದ್ಸಲ."

ಸಾಲನ್ನು ಮತ್ತೆ, ಇನ್ನೂ ನಿಧಾನವಾಗಿ ಹೇಳಿ, ನನಗೆ ಜಾಗ ಬಿಟ್ಟಳು.