ಬೂಟಿಗೆ ಬಂದ ಜ್ವರ

"ಇನ್ನೂ ಸ್ವಲ್ಪ ಮೇಲಕ್ಕೆತ್ತು. ಬೆರಳು ಅಗಲಿಸು."

ಕೆಲಸದವರೆಲ್ಲ ಅತ್ತೆ ಎಂದೇ ಕರೆಯುವ ಹೆಂಗಸು ಬೆರಳು ಅಗಲಿಸಿದಳು. ಬೋರಲು ಹಾಕಿದ ಬಾಟಲಿ ಕ್ರೇಟಿನ ಮೇಲೆ ಕೂತು, ಒಂದು ಕೈಯಲ್ಲಿ ಗೋಡೆ ಹಿಡಿದು, ಇನ್ನೊಂದು ಕೈಯಲ್ಲಿ ತನ್ನದೇ ಪಾದವನ್ನು ಮಾರಾಟದ ಸಾಮಾನಿನಂತೆ ಎತ್ತಿ ಹಿಡಿದಿದ್ದಳು. ಬೆರಳ ಸಂದಿಗಳು ನೆನೆದ ಕಾಗದದ ಹಾಗೆ ಬೆಳ್ಳಗೆ ಸುಲಿದಿದ್ದವು. ಕಿರುಬೆರಳಿನ ಪಕ್ಕದಲ್ಲಿ ಮಾತ್ರ ಕೆಂಪಗೆ ಬೊಬ್ಬೆ ಎದ್ದಿತ್ತು. ಸೂಪರ್‌ವೈಸರ್ ಬಗ್ಗಿ ನೋಡಿದ. ಮೂಗಿಗೆ ಕರ್ಚೀಫು ಹಿಡಿದೇ ಬಗ್ಗಿದ.

"ಬೆಳ್ಳುಳ್ಳಿ ವಾಸನೆ ಹೊಡೀತಿದೆ."

"ನೀವೇ ಹೇಳಿದ್ರಲ್ಲ ಸಾರ್, ಜಜ್ಜಿ ಕಟ್ಕೋ ಅಂತ. ಕಟ್ಕೊಂಡೆ. ಬೆಳಗ್ಗೆ ಬಿಚ್ಚಿದ್ರೆ ಬಟ್ಟೆ ಜೊತೆ ಚರ್ಮಾನೂ ಬಂತು."

"ಹಸೀದೇ ಕಟ್ಕೋ ಅಂದ್ನಾ ನಾನು?"

"ಬೇಯ್ಸು ಅಂತಾನೂ ಅನ್ಲಿಲ್ಲ."

ಹಿಂದೆ ಸಾಲಾಗಿ ನಿಂತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಮುಂದೆ ಎತ್ತಬೇಕಾದ ಕಾಲು ತಮ್ಮದೇ ಎಂದು ನೆನಪಾಗಿ ಸುಮ್ಮನಾದರು.

ಬಾಟಲಿ ತೊಳೆಯುವ ವಿಭಾಗದಲ್ಲಿ ಆತನಿಗೆ 'ಪಾಲಿಶ್' ಎಂದೇ ಹೆಸರು. ಶೂ ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಮಾತು ಶೂಗಿಂತ ಹೊಳೆಯುತ್ತಿತ್ತು. ಯಂತ್ರ ಇಡೀ ದಿನ ಸೋಪಿನ ನೀರು ಉಗುಳಿ ನೆಲವನ್ನು ಕೆರೆ ಮಾಡುತ್ತಿದ್ದರೆ, ಆತ ಮೂಲೆಯ ಮರದ ಹಲಗೆಯಿಂದ ಕೆಳಗಿಳಿದವನಲ್ಲ. ಮೊನ್ನೆ ಆ ಹಲಗೆಯ ಮೇಲೆ ನಿಂತೇ ಆರೋಗ್ಯದ ಭಾಷಣ ಬಿಗಿದಿದ್ದ. ಪ್ರಕೃತಿಗಿಂತ ದೊಡ್ಡ ಡಾಕ್ಟರಿಲ್ಲ. ಉಪ್ಪುನೀರಲ್ಲಿ ಕಾಲಿಡಿ, ವಿನೆಗರ್ ಹಚ್ಚಿ, ಅಡುಗೆ ಸೋಡಾ ಉದುರಿಸಿ, ಬೆಳ್ಳುಳ್ಳಿ ಜಜ್ಜಿ ಕಟ್ಟಿ. ಎಲ್ಲಕ್ಕಿಂತ ಮುಖ್ಯ, ಕಾಲನ್ನು ಸದಾ ಒಣಗಿಸಿ ಇಟ್ಟುಕೊಳ್ಳಿ. ಕಣಕಾಲು ಮುಳುಗುವ ನೀರಲ್ಲಿ ನಿಂತವರಿಗೆ ಆತ ಇದನ್ನು ನಗದೆ ಹೇಳಿದ್ದ.

ಹೆಂಗಸರು ಎಲ್ಲವನ್ನೂ ಮಾಡಿದರು. ವಿಭಾಗವೆಲ್ಲ ಅಡುಗೆಮನೆಯ ಹಾಗೆ ನಾರಿತು. ಆದರೆ ಉಪ್ಪು, ವಿನೆಗರ್ ಉಂಡ ಕಾಲು ಬೆಳಗಾದರೆ ಮತ್ತೆ ಅದೇ ರಬ್ಬರ್ ಬೂಟಿನೊಳಗೆ ಇಳಿಯುತ್ತಿತ್ತು. ಬೂಟು ಯಾರ ಸ್ವಂತದ್ದೂ ಅಲ್ಲ. ಬಾಗಿಲ ಬಳಿಯ ಕಬ್ಬಿಣದ ಗೂಡಿನಲ್ಲಿ ಅಳತೆಯ ಪ್ರಕಾರ ಜೋಡಿಸಿಟ್ಟಿರುತ್ತಿದ್ದರು. ಒಂದು ಪಾಳಿಯವರು ಕಳಚಿದ ಬಿಸಿಗೇ ಇನ್ನೊಂದು ಪಾಳಿಯವರು ತೊಡಬೇಕು. ಜನಕ್ಕಾದರೂ ವಾರದ ರಜೆಯಿತ್ತು. ಬೂಟಿಗೆ ಅದೂ ಇರಲಿಲ್ಲ.

ಪಾಲಿಶ್ ನೆಟ್ಟಗೆ ನಿಂತು ಕರ್ಚೀಫು ಮಡಚಿದ. "ಇದು ಕೆಸರುಹುಣ್ಣು. ಹೆಸರಲ್ಲೇ ಇದೆಯಲ್ಲಮ್ಮಾ. ನಮ್ಮಲ್ಲಿ ಎಲ್ಲಿದೆ ಕೆಸರು? ಟೈಲ್ಸ್ ನೋಡು, ಹಾಲಿನ ಹಾಗಿದೆ. ಅಂದ್ರೆ ಕೆಸರು ನಿಮ್ಮನೇಲಿದೆ. ಅಲ್ಲಿಂದ ತಂದು ಇಲ್ಲಿ ಎಲ್ರಿಗೂ ಹಂಚ್ತಿದೀಯ. ಇವತ್ತೇ ಮನೆಗೆ ಹೋಗು. ವಾಸಿ ಆದ್ಮೇಲೆ ಬಾ. ಕೆಲಸ ಇದ್ರೆ ನೋಡೋಣ."

ಆ 'ಇದ್ರೆ' ಎನ್ನುವ ಬಾಗಿಲಿಂದ ಆಚೆ ಹೋದವರು ಯಾರೂ ವಾಪಸು ಬಂದಿರಲಿಲ್ಲ. ಅತ್ತೆಗೂ ಅದು ಗೊತ್ತಿತ್ತು. ಬಾಟಲಿಯನ್ನು ಬೆಳಕಿಗೆ ಹಿಡಿದರೆ ಕೂದಲೆಳೆಯಷ್ಟು ಬಿರುಕೂ ಅವಳ ಕಣ್ಣು ತಪ್ಪಿಸಿಕೊಳ್ಳುತ್ತಿರಲಿಲ್ಲ. ಈಗ ಎಲ್ಲರೆದುರು ಅವಳನ್ನೇ ಎತ್ತಿ ಹಿಡಿದು, ಬಿರುಕು ಬಿಟ್ಟಿದೆ ಎಂದು ಬದಿಗಿಟ್ಟಂತಾಗಿತ್ತು. ಕೆಲಸ ಹೋದರೆ ಹೋಗಲಿ, 'ಕೊಳಕು ಮನೆಯವಳು' ಎಂಬ ಮಾತನ್ನು ಎಲ್ಲಿ ತೊಳೆಯುವುದು? ಕಾಲುಚೀಲ ಎಳೆದುಕೊಳ್ಳತೊಡಗಿದಳು. ಬೊಬ್ಬೆಗೆ ತಾಗಿ ತುಟಿ ಕಚ್ಚಿದಳು.

"ನಮ್ಮನೆ ಮೂರನೇ ಮಹಡೀಲಿದೆ ಸಾರ್," ಎಂದು ಸಾಲಿನಿಂದ ಒಂದು ದನಿ ಬಂತು. "ಕೆಸರು ಮೆಟ್ಲು ಹತ್ಕೊಂಡ್ ಬಂತಾ?"

ಅತ್ತೆಯ ಅಣ್ಣನ ಮಗಳು ಅದು. ಅತ್ತೆಯೇ ಸಾಕಿ ದೊಡ್ಡದು ಮಾಡಿದ ಹುಡುಗಿ. ಪಕ್ಕದ ಬೆಲ್ಟಿನಲ್ಲಿ ಲೇಬಲ್ ಕೀಳುವ ಕೆಲಸ. ಬಾಯಿ ಬಿಟ್ಟರೆ ಡೈಲಾಗು, ಮುಚ್ಚಿದರೆ ಕಿತಾಪತಿ. ಹಾಗಾಗಿ ಎಲ್ಲರ ಬಾಯಲ್ಲಿ ಅವಳು 'ರೀಲು'. ಊಟದ ಹೊತ್ತಿನಲ್ಲಿ ಪಾಲಿಶ್ ಕಾಲು ಚಾಚಿ ತೂಕಡಿಸುವಾಗ ಎರಡೂ ಲೇಸುಗಳನ್ನು ಸೇರಿಸಿ ಗಂಟು ಹಾಕಿದವಳೂ ಅವಳೇ. ಆತ ಎದ್ದು ಹೆಜ್ಜೆ ಇಟ್ಟಾಗ ಹಲಗೆಗೇ ಮುತ್ತು ಕೊಟ್ಟಿದ್ದ.

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ," ಎಂದ ಪಾಲಿಶ್.

"ನೆಲ ಡೊಂಕಲ್ಲ ಸಾರ್. ಒದ್ದೆ."

ರೀಲು ನಗಿಸಲಿಕ್ಕೆ ಹೊರಟಿದ್ದರೆ ಅಷ್ಟಕ್ಕೇ ಗೆದ್ದಿದ್ದಳು. ಆದರೆ ಅವಳ ಕಣ್ಣು ಅತ್ತೆಯ ಕಾಲುಚೀಲದ ಮೇಲಿತ್ತು. ಬೆರಳ ಜಾಗದಲ್ಲಿ ಒಂದು ಕಲೆ ಒಳಗಿಂದ ಹರಡುತ್ತಿತ್ತು. ಗೂಡಿನ ಹತ್ತಿರ ಹೋದಳು. ಅತ್ತೆ ತೊಡುತ್ತಿದ್ದ ಆರನೇ ನಂಬರಿನ ಜೋಡಿಯನ್ನು ಎತ್ತಿಕೊಂಡಳು. ಬಗ್ಗಿಸಿದಳು. ಒಳಗಿಂದ ಬೂದು ಬಣ್ಣದ ನೀರು ಸುರಿಯಿತು, ಜೊತೆಗೆ ಯಾರದ್ದೋ ಕಾಲಿನ ಸುಲಿದ ಚರ್ಮವೂ. ಜೋಡಿಯನ್ನು ತಂದು ಹಲಗೆಯ ಮೇಲೆ, ಪಾಲಿಶ್‌ನ ಶೂ ಪಕ್ಕದಲ್ಲಿ ನೀಟಾಗಿ ಇಟ್ಟಳು.

"ನಿಮ್ದೂ ಆರೇ ಅಲ್ವಾ ಸಾರ್? ಹಾಕ್ಕೊಳ್ಳಿ. ಊಟದ ಬೆಲ್ ಹೊಡಿಯೋವರ್ಗೂ ಸಾಕು. ನಾವು ಇಡೀ ದಿನ ಇದ್ರಲ್ಲಿ ನಿಲ್ತೀವಿ, ನೀವು ಅರ್ಧ ದಿನ ನಿಲ್ಲಿ. ಕಾಲಿಗೆ ಏನೂ ಆಗ್ಲಿಲ್ಲ ಅಂದ್ರೆ ಅತ್ತೇನ ನಾನೇ ಕರ್ಕೊಂಡ್ ಹೋಗ್ತೀನಿ."

"ಏಯ್, ನಿನ್ನ ಸಿನಿಮಾ ಇಲ್ಲಿ ಬೇಡ."

"ಸಿನಿಮಾ ಆಗಿದ್ರೆ ಇಷ್ಟೊತ್ತಿಗೆ ಹೀರೋ ಗೋಡೆ ಒಡ್ಕೊಂಡ್ ಬರ್ತಿದ್ದ ಸಾರ್. ಇಲ್ಲಿ ನಾವೇ ಇರೋದು."

ಪಾಲಿಶ್ ಬೂಟಿನ ಬಾಯಿಯೊಳಗೆ ನೋಡಿದ. ಅರಿವಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿದ. ಹಿಮ್ಮಡಿ ಹಲಗೆಯ ಅಂಚಿನಿಂದ ಜಾರಿ ನೀರಿಗೆ ಬಿತ್ತು. ಕೆಂಡ ತುಳಿದವನ ಹಾಗೆ ಕಾಲನ್ನು ಎತ್ತಿಕೊಂಡ. ಅದೇ ಕರ್ಚೀಫಿನಿಂದ ಶೂ ಒರೆಸಿದ, ಒಮ್ಮೆ, ಮತ್ತೊಮ್ಮೆ. ತಲೆ ಎತ್ತಿದಾಗ ಸಾಲಿನಲ್ಲಿದ್ದ ಎಲ್ಲರೂ ಆ ಕರ್ಚೀಫನ್ನೇ ನೋಡುತ್ತಿದ್ದರು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ," ಎಂದಳು ರೀಲು. ದನಿ ಏರಿರಲಿಲ್ಲ. "ಜ್ವರ ಬಂದಿರೋದು ನಿಮ್ಮ ಬೂಟಿಗೆ. ಬರೆ ಬಿದ್ದಿರೋದು ನಮ್ಮತ್ತೆ ಕಾಲಿಗೆ. ಮನೆಮದ್ದು ಮನೆ ರೋಗಕ್ಕೆ ಸಾರ್. ಇದು ಕಾರ್ಖಾನೆ ರೋಗ. ಕಾರ್ಖಾನೆಮದ್ದು ಎಲ್ಲಿ?"

ಉತ್ತರಕ್ಕೆ ಯಾರೂ ಕಾಯಲಿಲ್ಲ. ಮೊದಲು ಬೂಟು ಕಳಚಿದವಳು ಲೇಬಲ್ ಬೆಲ್ಟಿನ ಮೂಗುತಿ ಅಜ್ಜಿ. ಯಾರ ಜಗಳಕ್ಕೂ ಹೋಗದವಳು. ಪಚಕ್ ಎಂದು ಸದ್ದಾಯಿತು. ಆಮೇಲೆ ಇನ್ನೊಂದು ಪಚಕ್. ಆಮೇಲೆ ಸಾಲಿಡೀ. ಬೆಲ್ಟು ತನ್ನ ಪಾಡಿಗೆ ಓಡುತ್ತಿತ್ತು. ತೊಳೆಯುವವರಿಲ್ಲದ ಬಾಟಲಿಗಳು ಒಂದಕ್ಕೊಂದು ಢಿಕ್ಕಿ ಹೊಡೆಯುತ್ತ ತುದಿಯಲ್ಲಿ ಗುಂಪುಗೂಡತೊಡಗಿದವು.

"ಎಲ್ಲಿಗೆ? ಏಯ್, ಎಲ್ಲಿಗೆ ಹೊರಟ್ರಿ ಎಲ್ರೂ?"

ಹೆಂಗಸರು ಬೂಟುಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬರಿಗಾಲಲ್ಲಿ ಹಿತ್ತಲಿನ ಅಂಗಳಕ್ಕೆ ನಡೆದರು. ಬೇಲಿಯ ಕಬ್ಬಿಣದ ಸಲಾಕೆಗಳಿಗೆ ಒಂದೊಂದನ್ನೇ ತಲೆಕೆಳಗಾಗಿ ಸಿಕ್ಕಿಸಿದರು. ಪಾಲಿಶ್ ಹೊಸ್ತಿಲವರೆಗೆ ಓಡಿ ಬಂದ. ಒಳಗೆ ಏನೋ ಒಡೆದ ಸದ್ದು ಕೇಳಿಸಿತು.

"ಕೆಲ್ಸ ಯಾವಾಗ ಶುರು ಮಾಡ್ತೀರಿ? ಮೇಲಿನವ್ರು ಕೇಳಿದ್ರೆ ಏನು ಹೇಳ್ಲಿ ನಾನು?"

ಅತ್ತೆ ಕೊನೆಯ ಸಲಾಕೆಯ ಹತ್ತಿರ ನಿಂತಿದ್ದಳು. ಆರನೇ ನಂಬರಿನ ಬೂಟನ್ನು ಚೆನ್ನಾಗಿ ಕೊಡವಿ ಸಿಕ್ಕಿಸಿದಳು.

"ವಾಸಿ ಆದ್ಮೇಲೆ ಸಾರ್," ಎಂದಳು. "ಬೂಟು."

ಆಮೇಲೆ ಬಂದು ಕಟ್ಟೆಯ ಮೇಲೆ ಉಳಿದವರ ಪಕ್ಕ ಕೂತಳು. ರೀಲು ಬಗ್ಗಿ ಅವಳ ಕಾಲುಚೀಲವನ್ನು ಬೊಬ್ಬೆಗೆ ತಾಗದ ಹಾಗೆ ಮೆಲ್ಲಗೆ ಬಿಡಿಸಿದಳು. ಬೇಲಿಯುದ್ದಕ್ಕೂ ಬೂಟುಗಳಿಂದ ನೀರು ಹನಿಯುತ್ತಿತ್ತು. ಅತ್ತೆ ಎರಡೂ ಕಾಲುಗಳನ್ನು ಬಿಸಿಲಿಗೆ ಚಾಚಿದಳು. ಯಾರೂ ಹೇಳದೆಯೇ ಬೆರಳು ಅಗಲಿಸಿದಳು.