ಇನ್ನೂರ ಹನ್ನೆರಡನೆಯ ಪುಟ

‘ಇವಳೂ ಒಬ್ಬ ಅಕ್ಕನಾ?’

ಪೆನ್ಸಿಲಿನಲ್ಲಿ, ಪುಟದ ಖಾಲಿ ಅಂಚಿನಲ್ಲಿ, ಒತ್ತಿ ಒತ್ತಿ ಬರೆದದ್ದು. ಪ್ರಶ್ನಾರ್ಥಕ ಚಿಹ್ನೆಯ ಚುಕ್ಕೆಯಂತೂ ಹಾಳೆಯ ಆಚೆ ಬದಿಗೂ ಮೂಡಿತ್ತು. ಅವಳು ರಬ್ಬರನ್ನು ಅಂಗೈಯಲ್ಲಿ ತಿಕ್ಕಿ ಬೆಚ್ಚಗೆ ಮಾಡಿಕೊಂಡಳು. ಎಡಗೈಯ ಎರಡು ಬೆರಳಿನಿಂದ ಹಾಳೆಯನ್ನು ಬಿಗಿಯಾಗಿ ಒತ್ತಿ ಹಿಡಿದು ಅಳಿಸತೊಡಗಿದಳು. ಒಂದೇ ದಿಕ್ಕಿಗೆ ಉಜ್ಜಬೇಕು. ಹಿಂದೆ ಮುಂದೆ ಉಜ್ಜಿದರೆ ಕಾಗದ ಸುಕ್ಕಾಗುತ್ತದೆ. ಇದು ಅವಳಿಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಗೊತ್ತಿರುವ ವಿದ್ಯೆ.

ಗ್ರಂಥಾಲಯದ ಹಿಂಬದಿಯ ದುರಸ್ತಿ ಕೋಣೆಯಲ್ಲಿ ಹತ್ತೊಂಬತ್ತು ವರ್ಷದಿಂದ ಅವಳ ಕೆಲಸ ಇದೇ. ಬೆನ್ನು ಹರಿದ ಪುಸ್ತಕಕ್ಕೆ ಬಟ್ಟೆ ಅಂಟಿಸುವುದು, ಕಿತ್ತುಬಂದ ಹಾಳೆಗಳನ್ನು ಹೊಲಿಯುವುದು, ಓದುಗ ಮಹಾಶಯರು ಅಂಚಿನಲ್ಲಿ ಗೀಚಿದ್ದನ್ನು ಅಳಿಸುವುದು. ಶಾಯಿಯಾದರೆ ಏನೂ ಮಾಡುವಂತಿಲ್ಲ, ಹಿಂದಿನ ರಟ್ಟಿಗೆ ‘ಬರಹವಿದೆ’ ಎಂದು ಮುದ್ರೆ ಒತ್ತಿ ಕಪಾಟಿಗೆ ಕಳಿಸಬೇಕು. ಪೆನ್ಸಿಲಾದರೆ ಅಳಿಸಲೇಬೇಕು. ಅಡುಗೆ ಪುಸ್ತಕದಲ್ಲಿ ‘ಉಪ್ಪು ಸಾಲದು’, ಕಾನೂನು ಪುಸ್ತಕದಲ್ಲಿ ‘ಹಸಿ ಸುಳ್ಳು’, ಪ್ರೇಮಕಥೆಯಲ್ಲಿ ಯಾರದೋ ಫೋನ್ ನಂಬರು. ಎಲ್ಲವನ್ನೂ ಒಂದೇ ಮುಖದಲ್ಲಿ ಅಳಿಸಿ ಹಾಕಿದವಳು ಅವಳು. ಜೊತೆಯವರು ಅವಳಿಗೆ ‘ರಬ್ಬರಕ್ಕ’ ಎಂದು ಹೆಸರಿಟ್ಟಿದ್ದರು. ಅವಳಿಗೂ ಅದು ಅಭ್ಯಾಸವಾಗಿತ್ತು.

ಒಂದೇ ಮುಖದಲ್ಲಿ ಅಳಿಸುವುದು ಕಷ್ಟವಾದದ್ದು ಈ ಪುಸ್ತಕ ಬಂದ ಮೇಲೆ. ಹೆಸರಾಂತ ರಾಕ್ ಹಾಡುಗಾರನೊಬ್ಬ ತನ್ನ ಹದಿನೈದು ವರ್ಷದ ಡ್ರಗ್ಸ್ ಚಟದ ಬಗ್ಗೆ ಬರೆದ ಆತ್ಮಕಥೆ. ಮುಖಪುಟದಲ್ಲಿ ಅವನು ಈಗಷ್ಟೇ ಸ್ನಾನ ಮಾಡಿ ಬಂದವನಂತೆ ನಗುತ್ತಿದ್ದ. ಗ್ರಂಥಾಲಯದಲ್ಲಿದ್ದ ನಾಲ್ಕೂ ಪ್ರತಿಗಳಿಗೆ ನೂಕುನುಗ್ಗಲು. ಹಿಂದಿರುಗಿದ ಪ್ರತಿಯೊಂದೂ ಅಂಚಿನ ತುಂಬ ಜನರ ಕೋಪ, ಕನಿಕರ, ಉಪದೇಶ ಹೊತ್ತುಕೊಂಡೇ ಅವಳ ಮೇಜಿಗೆ ಬರುತ್ತಿತ್ತು.

ಪುಸ್ತಕದಲ್ಲಿ ಹಾಡುಗಾರನ ಜೊತೆ ಡ್ರಮ್ ಬಾರಿಸುವವನೊಬ್ಬ ಬರುತ್ತಾನೆ. ಅವನನ್ನು ಎಲ್ಲರೂ ಡಬ್ಬ ಅನ್ನುತ್ತಾರೆ. ಆ ಡಬ್ಬ ಅವಳ ತಮ್ಮ. ಹೆಸರಿಟ್ಟದ್ದು ಅಮ್ಮ, ನೆಟ್ಟಗೆ ನಿಲ್ಲಲು ಬಾರದ ವಯಸ್ಸಿನಲ್ಲೇ ಅಡುಗೆಮನೆಯ ಡಬ್ಬಗಳನ್ನೆಲ್ಲ ಸೌಟಿನಿಂದ ಬಾರಿಸಿ ಮನೆಯ ಸೂರು ಹಾರಿಹೋಗುವಂತೆ ಮಾಡುತ್ತಿದ್ದನಂತೆ. ಅವನು ಸತ್ತು ಒಂಬತ್ತು ವರ್ಷವಾಯಿತು. ತಾನು ಅವನ ಅಕ್ಕ ಎಂಬುದನ್ನು ಅವಳು ಗ್ರಂಥಾಲಯದಲ್ಲಿ ಒಬ್ಬರಿಗೂ ಹೇಳಿರಲಿಲ್ಲ.

ಇನ್ನೂರ ಹನ್ನೆರಡನೆಯ ಪುಟದಲ್ಲಿ ಹೀಗಿತ್ತು: ‘ಕೊನೆಯ ವಾರ ಒಂದು ಮಧ್ಯಾಹ್ನ ಡಬ್ಬ ಅವನ ಅಕ್ಕನ ಮನೆಗೆ ಹೋದ. ನಾನು ರಸ್ತೆಯ ಆಚೆ ನಿಂತಿದ್ದೆ. ಬಾಗಿಲು ನಾಲ್ಕು ಬೆರಳಿನಷ್ಟು ತೆರೆಯಿತು, ಸರಪಳಿ ಹಾಕಿಯೇ ಇತ್ತು. ಒಂದು ಪೊಟ್ಟಣ ಹೊರಗೆ ಬಂತು. ಬಾಗಿಲು ಮುಚ್ಚಿತು. ಬಿಚ್ಚಿ ನೋಡಿದರೆ ಬ್ರೆಡ್. ನಾವಿಬ್ಬರೂ ನಕ್ಕೆವು. ನಾಲ್ಕನೆಯ ದಿನ ಅವನು ಸತ್ತ.’

ಹಾಡುಗಾರ ಸುಳ್ಳು ಬರೆದಿರಲಿಲ್ಲ. ಅದೇ ಕಷ್ಟ. ಬಾಗಿಲಿನ ಒಳಗಡೆ ಏನಿತ್ತು ಎಂಬುದು ರಸ್ತೆಯ ಆಚೆ ನಿಂತವನಿಗೆ ಹೇಗೆ ಗೊತ್ತಾಗಬೇಕು? ಒಳಗೆ ಸೊಂಟದ ಮೂಳೆ ಮುರಿದುಕೊಂಡು ಅಮ್ಮ ಮಲಗಿದ್ದಳು. ಅದಕ್ಕೆ ಒಂದು ತಿಂಗಳ ಮೊದಲು ಅವಳು ಅದೇ ಬಾಗಿಲನ್ನು ತಮ್ಮನಿಗೆ ಪೂರ್ತಿ ತೆರೆದಿದ್ದಳು. ಅವನು ಅಮ್ಮನ ಹಾಸಿಗೆಯ ಪಕ್ಕ ಕೂತು, ಅವಳನ್ನು ನಗಿಸಿ, ತಲೆ ಬಾಚಿ, ಹೋಗುವಾಗ ಅವಳ ನೋವಿನ ಗುಳಿಗೆಗಳನ್ನೆಲ್ಲ ಜೇಬಿಗಿಳಿಸಿಕೊಂಡು ಹೋಗಿದ್ದ. ಅಂಥ ಗುಳಿಗೆಯನ್ನು ವೈದ್ಯರ ಹೊಸ ಚೀಟಿಯಿಲ್ಲದೆ ಅಂಗಡಿಯವರು ಕೊಡುವುದಿಲ್ಲ. ವೈದ್ಯರು ಊರಲ್ಲಿರಲಿಲ್ಲ. ಎರಡು ದಿನ ಅಮ್ಮ ದಿಂಬು ಕಚ್ಚಿಕೊಂಡು ಕಳೆದಳು.

ಹಾಗಾಗಿ ಸರಪಳಿ. ಹಾಗಾಗಿ ಬ್ರೆಡ್. ಅಮ್ಮ ಆಗ ನಿದ್ದೆಯಲ್ಲಿದ್ದಾಳೆ ಎಂದು ಅವಳು ಅಂದುಕೊಂಡಿದ್ದಳು. ಅವನು ಬಂದಿದ್ದ, ನಾನು ಬಾಗಿಲು ತೆಗೆಯಲಿಲ್ಲ ಎಂದು ಅಮ್ಮನಿಗೆ ಹೇಳಲು ನಾಲ್ಕು ದಿನ ಬಾಯಿ ಬರಲಿಲ್ಲ. ಆಮೇಲೆ ಹೇಳುವಂತೆಯೇ ಇರಲಿಲ್ಲ.

ಈಗ ಊರಿಗೆ ಊರೇ ಆ ಬಾಗಿಲಿನ ಮುಂದೆ ಬಂದು ನಿಂತಿತ್ತು. ಆ ಪುಟದ ಅಂಚಿನಲ್ಲಿ ‘ಕಲ್ಲು’ ಎಂದು ಒಬ್ಬರು. ‘ಬ್ರೆಡ್!!’ ಎಂದು ಇನ್ನೊಬ್ಬರು. ‘ಸರಿಯಾಗೇ ಮಾಡಿದಳು, ನನ್ನ ಭಾವನಿಗೂ ಹೀಗೇ ಮಾಡಬೇಕಿತ್ತು’ ಎಂದು ಯಾರೋ ಸಣ್ಣ ದುಂಡು ಅಕ್ಷರದಲ್ಲಿ ಬರೆದಿದ್ದರು. ಅದನ್ನು ಅವಳು ಎರಡು ದಿನ ಅಳಿಸದೆ ಮೇಜಿನ ಮೇಲೇ ಇಟ್ಟುಕೊಂಡಿದ್ದಳು. ಮೂರನೆಯ ದಿನ ನಾಚಿಕೆಯಾಗಿ ಅದನ್ನೂ ಅಳಿಸಿದಳು. ಏನೂ ಬರೆಯದೆ ಬಂದ ಪ್ರತಿಯಲ್ಲೂ ಆ ಪುಟದ ಮೇಲೆ ಒಮ್ಮೆ ರಬ್ಬರು ಆಡಿಸುವುದು ಅವಳಿಗೆ ಚಾಳಿಯಾಗಿಬಿಟ್ಟಿತು. ಮೂರು ತಿಂಗಳಲ್ಲಿ ನಾಲ್ಕೂ ಪ್ರತಿಗಳಲ್ಲಿ ಆ ಹಾಳೆಯ ಅಂಚು ಸವೆದು, ಒಗೆದೊಗೆದು ಹಳತಾದ ಬಟ್ಟೆಯಂತೆ ಜುಂಗು ಎದ್ದಿತ್ತು. ಅಷ್ಟು ಸಲ ಒತ್ತಿ ಹಿಡಿದ ಪುಸ್ತಕ ಮೇಜಿಗಿಟ್ಟರೆ ತಾನಾಗಿ ಅಲ್ಲೇ ತೆರೆದುಕೊಳ್ಳುತ್ತದೆ ಎಂಬುದು ದುರಸ್ತಿ ಕೆಲಸದವಳಾದ ಅವಳಿಗೆ ಗೊತ್ತಿರಬೇಕಿತ್ತು.

ಇತ್ತ ಮನೆಯಲ್ಲಿ ಅಮ್ಮ ರೇಡಿಯೋದಲ್ಲಿ ಹಾಡುಗಾರನ ಸಂದರ್ಶನ ಕೇಳಿದಳು. ಅವನ ಬಾಯಲ್ಲಿ ‘ಡಬ್ಬ’ ಎಂದು ಬಂದದ್ದೇ ಎದ್ದು ಕೂತಳು.

"ಆ ಪುಸ್ತಕ ನಿನ್ನ ಹತ್ರಾನೇ ಇರುತ್ತಲ್ಲ. ತಂದು ಓದಿ ಹೇಳು. ನಂಗೆ ಇನ್ನೂ ಕಣ್ಣು ಕಾಣ್ತಿದ್ದಿದ್ರೆ ನಿನ್ನ ಕೇಳ್ತಾನೂ ಇರಲಿಲ್ಲ."

ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಸಂಜೆ ಕೆಲಸದಿಂದ ಬಂದು ದಿನಕ್ಕೊಂದು ಅಧ್ಯಾಯ ಓದಿದಳು. ಡಬ್ಬ ಮೊದಲ ಕಾರ್ಯಕ್ರಮದಲ್ಲಿ ಕೋಲು ಜಾರಿಸಿಕೊಂಡು ಬರಿಗೈಯಲ್ಲೇ ಬಾರಿಸಿದ್ದನ್ನು ಕೇಳಿ ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಗುಳಿಗೆ, ಸೂಜಿ, ಆಸ್ಪತ್ರೆ ಎಲ್ಲವನ್ನೂ ಅಲುಗಾಡದೆ ಕೇಳಿದಳು. ಇನ್ನೂರ ಹನ್ನೆರಡನೆಯ ಪುಟ ಬಂದಾಗ ಮಗಳು ಆ ಸಾಲುಗಳನ್ನು ಹಾರಿಸಿ ಮುಂದಕ್ಕೆ ಹೋದಳು. "ಇವತ್ತಿಗೆ ಸಾಕು" ಎಂದು ಅಮ್ಮ ಗೋಡೆಯ ಕಡೆ ಹೊರಳಿದಳು.

ಮರುದಿನ ಹೇಳಿದಳು: "ಶನಿವಾರ ನಿಮ್ಮಲ್ಲಿ ಓದಿದೋರೆಲ್ಲ ಸೇರಿ ಈ ಪುಸ್ತಕದ ಮಾತಾಡ್ತಾರಂತಲ್ಲ. ರೇಡಿಯೋದಲ್ಲಿ ಹೇಳಿದ್ರು. ನನ್ನನ್ನೂ ಕರ್ಕೊಂಡು ಹೋಗು."

"ಬೇಡ ಅಮ್ಮ. ಜನ ಬಾಯಿಗೆ ಬಂದ ಹಾಗೆ ಮಾತಾಡ್ತಾರೆ."

"ಮಾತಾಡ್ಲಿ. ನನ್ನ ಮಗನ ಬಗ್ಗೆ ಬೇರೆಯವರು ಮಾತಾಡಿದ್ದು ಕೇಳಿ ಎಷ್ಟು ವರ್ಷ ಆಯ್ತು!"

ಅವಳು ಗ್ರಂಥಪಾಲಕಿಯ ಬಳಿ ಹೋಗಿ, ಚರ್ಚೆಗೆ ಬಾಲ್ಯದ ಅಧ್ಯಾಯ, ಚಟ ಬಿಟ್ಟ ಅಧ್ಯಾಯ ಇವೆರಡೇ ಸಾಕು, ಮಿಕ್ಕಿದ್ದು ಬರೀ ಗೋಳು ಎಂದಳು. ರಬ್ಬರಕ್ಕ ಪುಸ್ತಕವೊಂದರ ಬಗ್ಗೆ ಅಭಿಪ್ರಾಯ ಹೇಳಿದ್ದು ಅದೇ ಮೊದಲು. ಗ್ರಂಥಪಾಲಕಿ ಆಶ್ಚರ್ಯಪಟ್ಟು ಒಪ್ಪಿಕೊಂಡಳು.

ಶನಿವಾರ ಮಧ್ಯಾಹ್ನ ವಾಚನಾಲಯದಲ್ಲಿ ಹದಿನಾಲ್ಕು ಕುರ್ಚಿ ಗುಂಡಗೆ ಹಾಕಿದ್ದರು. ಅಮ್ಮ ಊರುಗೋಲನ್ನು ಮೊಣಕಾಲಿನ ನಡುವೆ ನಿಲ್ಲಿಸಿಕೊಂಡು ಕೂತಳು, ಮಗಳು ಪಕ್ಕದಲ್ಲಿ. ಮೊದಲ ಅರ್ಧ ಗಂಟೆ ಸುಸೂತ್ರವಾಗಿ ನಡೆಯಿತು. ಒಬ್ಬ ಹೆಂಗಸು, ಓದುತ್ತಾ ಮೂರು ಸಲ ಅಳು ಬಂತು ಎಂದಳು. ಔಷಧಿ ಅಂಗಡಿಯವನು ಎಂಬತ್ತನೆಯ ಪುಟ ತೆಗೆದು, "ಇಲ್ಲಿ ಬರೆದಿರೋಷ್ಟು ನುಂಗಿದ್ರೆ ಆನೇನೂ ಮೇಲೇಳಲ್ಲ ಸ್ವಾಮಿ, ಈ ಮನುಷ್ಯ ಸಂಜೆ ಹೋಗಿ ಹಾಡಿದ್ನಂತೆ!" ಎಂದ. ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು. ಗಂಡಾಂತರ ಕಳೆಯಿತೇನೋ ಎಂದು ಮಗಳಿಗೆ ಅನ್ನಿಸಿತು.

ಆಗ ನಿವೃತ್ತ ಮೇಷ್ಟ್ರೊಬ್ಬರು ಗಂಟಲು ಸರಿಮಾಡಿಕೊಂಡರು. "ಒಂದು ವಿಚಿತ್ರ ತೋರಿಸ್ತೀನಿ, ನೋಡಿ." ಪುಸ್ತಕವನ್ನು ಮೊಣಕಾಲ ಮೇಲಿಟ್ಟು ಕೈ ಬಿಟ್ಟರು. ಅದು ತಾನಾಗಿ ತೆರೆದುಕೊಂಡಿತು. "ಇನ್ನೂರ ಹನ್ನೆರಡು. ಅಂಚು ಮುಟ್ಟಿ ನೋಡಿ, ಹೇಗೆ ಸವೆದಿದೆ! ಇಲ್ಲಿ ಏನೋ ಬರೆದಿದ್ದನ್ನ ಯಾರೋ ಅಳಿಸಿದ್ದಾರೆ. ಒಂದು ಸಲ ಅಲ್ಲ."

"ನನ್ನ ಪ್ರತೀಲೂ ಹಾಗೇ ಇದೆ," ಎಂದಳು ಅತ್ತಿದ್ದ ಹೆಂಗಸು. ಔಷಧಿ ಅಂಗಡಿಯವನು ತನ್ನದನ್ನು ಬೆಳಕಿಗೆ ಹಿಡಿದ. ಅಂಚಿನ ಮೂಲಕ ಕಿಟಕಿಯ ಬೆಳಕು ಕಾಣಿಸಿತು. ಗ್ರಂಥಪಾಲಕಿ ತಿರುಗಿ ರಬ್ಬರಕ್ಕನನ್ನು ನೋಡಿದಳು. ರಬ್ಬರಕ್ಕ ನೆಲ ನೋಡುತ್ತಿದ್ದಳು.

"ಹಾಗಾದ್ರೆ ಅದನ್ನೇ ಓದೋಣ," ಎಂದು ಮೇಷ್ಟ್ರು, ನಲವತ್ತು ವರ್ಷ ತರಗತಿಗೆ ಪಾಠ ಓದಿದ ದನಿಯಲ್ಲಿ, ಒಂದಕ್ಷರ ಬಿಡದೆ ಓದಿದರು. ನಾಲ್ಕು ಬೆರಳು, ಸರಪಳಿ, ಬ್ರೆಡ್. ಅಮ್ಮನ ಕಡೆ ತಿರುಗುವ ಧೈರ್ಯ ಮಗಳಿಗಿರಲಿಲ್ಲ.

"ಒಡಹುಟ್ಟಿದವಳು! ಒಳಗೆ ಕರೆದು ಒಂದು ಲೋಟ ನೀರು ಕೊಟ್ಟಿದ್ರೆ ಅವಳ ಗಂಟೇನು ಹೋಗ್ತಿತ್ತು?" ಎಂದಳು ಅತ್ತಿದ್ದ ಹೆಂಗಸು.

"ನೀವು ಅಂಥವರ ಜೊತೆ ಇದ್ದು ನೋಡಿಲ್ಲ ಅಂತ ಕಾಣುತ್ತೆ," ಎಂದಳು ಆಸ್ಪತ್ರೆಯ ಸಮವಸ್ತ್ರದಲ್ಲೇ ಬಂದಿದ್ದ ನರ್ಸು. "ನಾನಾಗಿದ್ರೆ ನಾನೂ ತೆಗೀತಿರಲಿಲ್ಲ."

"ಅದೇನೇ ಇರ್ಲಿ," ಎಂದರು ಮೇಷ್ಟ್ರು, "ಆ ಹೆಣ್ಣುಮಗಳಿಗೆ ಆಮೇಲೆ ಊಟ ಹೇಗೆ ಸೇರ್ತೋ ನಂಗಂತೂ ಗೊತ್ತಿಲ್ಲ."

ಊರುಗೋಲು ನೆಲಕ್ಕೆ ತಾಗಿದ ಸದ್ದಾಯಿತು. ಅಮ್ಮ ಎದ್ದು ನಿಂತಿದ್ದಳು.

"ಆ ಡಬ್ಬ ನನ್ನ ಮಗ," ಎಂದಳು.

ಮೇಷ್ಟ್ರು ಪುಸ್ತಕ ಮುಚ್ಚಲು ಹೋಗಿ ಅರ್ಧಕ್ಕೆ ನಿಲ್ಲಿಸಿದರು.

"ನಾನು ಅವತ್ತು ಒಳಗೇ ಮಲಗಿದ್ದೆ, ಸೊಂಟ ಮುರಿದುಕೊಂಡು. ಬಾಗಿಲು ತೆಗೀಬೇಡ ಅಂದಿದ್ದು ನಾನು. ಇವಳು ತೆಗಿಯೋಕೆ ಹೊರಟಿದ್ಲು, ನಾನು ಬೇಡ ಅಂದೆ. ಇವಳು ಹೇಳಿದ್ದು ಮಾಡಿದ್ಲು, ಅಷ್ಟೇ. ಬೈಯೋದಿದ್ರೆ ನನ್ನ ಬೈಯಿರಿ. ಪುಸ್ತಕದಲ್ಲಿ ಬರೆಯೋದಿದ್ರೂ ನನ್ನ ಹೆಸರು ಬರೀರಿ."

ಬೈಯಲು ಯಾರೂ ಮುಂದೆ ಬರಲಿಲ್ಲ. ಎದುರಿಗೆ ಬಂದು ನಿಂತ ಮನುಷ್ಯರನ್ನು ಬೈಯುವುದು ಅಂಚಿನಲ್ಲಿ ಗೀಚಿದಷ್ಟು ಸುಲಭವಲ್ಲ. ಅತ್ತಿದ್ದ ಹೆಂಗಸು ಮತ್ತೆ ಅಳತೊಡಗಿದಳು. ಮೇಷ್ಟ್ರು "ತಾಯೀ..." ಎಂದು ಕನ್ನಡಕ ತೆಗೆದು ಒರೆಸಿಕೊಂಡರು. "ನಡಿ, ಮನೆಗೆ ಹೋಗೋಣ," ಎಂದು ಅಮ್ಮ ಮಗಳ ಭುಜ ಹುಡುಕಿ ಹಿಡಿದುಕೊಂಡಳು.

ಬಸ್ ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಅವರಿಬ್ಬರೇ ಇದ್ದರು. ಮೋಡ ಕವಿದ ಮಧ್ಯಾಹ್ನ. ಎದುರಿನ ಅಂಗಡಿಗಳಲ್ಲಿ ಆಗಲೇ ದೀಪ ಹಾಕಿದ್ದರು. ಮಗಳು ಹೇಳಿದಳು.

"ಅಮ್ಮ, ನೀನು ಹಾಗೆ ಹೇಳಿರಲಿಲ್ಲ."

"ಹೇಳಿರಲಿಲ್ಲ."

"ನೀನು ನಿದ್ದೆ ಮಾಡ್ತಿದ್ದೀಯ ಅಂದ್ಕೊಂಡಿದ್ದೆ."

"ಆ ನೋವಲ್ಲಿ ಯಾರಿಗೆ ನಿದ್ದೆ ಬರುತ್ತೆ?" ಅಮ್ಮ ಊರುಗೋಲಿನ ತುದಿಯನ್ನೇ ಸವರುತ್ತಿದ್ದಳು. "ಅವನು ಬಾಗಿಲು ತಟ್ಟಿದ್ದು ಕೇಳಿದ ಕೂಡ್ಲೇ ಗೊತ್ತಾಯ್ತು. ಬಾಗಿಲನ್ನೂ ತಾಳ ಹಾಕೇ ತಟ್ತಿದ್ದ, ದರಿದ್ರದವನು. ಗುಳಿಗೆ ನನ್ನ ದಿಂಬಿನ ಕೆಳಗಿತ್ತು. ಅದರ ಮೇಲೆ ಕೈ ಇಟ್ಕೊಂಡೆ. ನೀನು ಎಲ್ಲಿ ತೆಗೆದುಬಿಡ್ತೀಯೋ ಅಂತ ಮೈಯೆಲ್ಲ ನಡುಗ್ತಿತ್ತು. ಬೇಡ ಅನ್ನೋ ಮಾತು ಬಾಯಿವರೆಗೂ ಬಂದಿತ್ತು ಕಣೇ. ಅಷ್ಟರಲ್ಲಿ ನೀನು ಸರಪಳಿ ಹಾಕಿದ ಸದ್ದು ಕೇಳಿಸ್ತು. ನನ್ನ ಬಾಯಲ್ಲಿ ಹೇಳಿಸದೆ ನೀನೇ ಮಾಡಿಬಿಟ್ಟೆ."

ಮಗಳಿಗೆ ಅಳು ಒತ್ತರಿಸಿಕೊಂಡು ಬಂತು. "ಒಂಬತ್ತು ವರ್ಷ... ಯಾಕಮ್ಮ ಹೇಳಲಿಲ್ಲ?"

"ನೀನ್ಯಾಕೆ ಹೇಳಲಿಲ್ಲ?"

ರಸ್ತೆಯಲ್ಲಿ ಒಂದು ಲಾರಿ ಹೋಯಿತು. ಅದರ ಸದ್ದು ಪೂರ್ತಿ ಅಡಗುವವರೆಗೆ ಅಮ್ಮ ಕಾದಳು.

"ನಂಗೆ ದನಿ ಮಾತ್ರ ಕೇಳಿಸ್ತು," ಎಂದಳು. "ಅವನ ಮುಖ ಕೊನೇ ಸಲ ನೋಡಿದ್ದು ನೀನು. ಹೇಗಿದ್ದ?"

"ಸರಿಯಾಗಿ ಕಾಣಲಿಲ್ಲ ಅಮ್ಮ. ಸರಪಳಿ ಇತ್ತಲ್ಲ. ಅರ್ಧ ಮುಖ ಅಷ್ಟೇ."

"ಅರ್ಧಾನೇ ಹೇಳು."

ಅವರು ಹತ್ತಬೇಕಾದ ಬಸ್ಸು ಬಂದು ನಿಂತಿತು. ಚಾಲಕ ಇವರ ಕಡೆ ನೋಡಿ ಒಂದು ಗಳಿಗೆ ಕಾದು, ಮುಂದಕ್ಕೆ ಹೋದ. ಎಣ್ಣೆ ಕಾಣದ ಕೂದಲು ಬೆವರಿದ ಹಣೆಗೆ ಅಂಟಿತ್ತು ಎಂದಳು ಮಗಳು. ಎಡಗಣ್ಣು ಕೆಂಪಗಿತ್ತು. ಗಡ್ಡ ಬಂದಿತ್ತು, ಅಲ್ಲಲ್ಲಿ ಬಿಳಿ ಕೂದಲು. ಅಮ್ಮ ಮುಖವನ್ನು ಅವಳ ದನಿಯ ಕಡೆ ತಿರುಗಿಸಿ, ಒಂದೊಂದಕ್ಕೂ ತಲೆಯಾಡಿಸುತ್ತಾ, ಮುಂದಿನದಕ್ಕೆ ಕಾಯುತ್ತಿದ್ದಳು.